ಗೂಗಲ್ ತಾನೇ ಉತ್ತರ ಕೊಡುತ್ತಿದೆ: ಕನ್ನಡ ವೆಬ್‌ಸೈಟ್ ನಡೆಸುವವರು ಈಗ ಏನು ಮಾಡಬೇಕು?

ವೆಬ್‌ಸೈಟ್ ನಡೆಸುವವರು ಈಚೆಗೆ ಎಲ್ಲೇ ಸೇರಿದರೂ ಒಂದೇ ಮಾತು. ಗೂಗಲ್‌ನಲ್ಲಿ ನಮ್ಮ ಪುಟ ಕಾಣಿಸುತ್ತಿದೆ, ಆದರೆ ಒಳಗೆ ಬರುವವರು ಕಮ್ಮಿಯಾಗಿದ್ದಾರೆ. ತಾಣದ ಹುಡುಕಾಟದ ಲೆಕ್ಕ ತೋರಿಸುವ ಗೂಗಲ್‌ನ ಸಾಧನ ಸರ್ಚ್ ಕನ್ಸೋಲ್ ತೆರೆದರೆ ಅದು ಚಿತ್ರವಾಗಿಯೇ ಕಾಣುತ್ತದೆ. ನೇರಳೆ ಗೆರೆ, ಅಂದರೆ ಪುಟ ಎಷ್ಟು ಸಲ ಕಾಣಿಸಿಕೊಂಡಿತು ಎನ್ನುವ ಇಂಪ್ರೆಷನ್ ಲೆಕ್ಕ, ಮೇಲಕ್ಕೆ ಹೋಗಿದೆ. ನೀಲಿ ಗೆರೆ, ಅಂದರೆ ಕ್ಲಿಕ್ ಲೆಕ್ಕ, ಕೆಳಗೆ ಇಳಿದಿದೆ. ಎರಡೂ ಸೇರಿ ಮೊಸಳೆ ಬಾಯಿ ತೆರೆದ ಹಾಗೆ ಕಾಣುತ್ತವೆ.

ಇದರ ಜೊತೆಗೆ ಸುದ್ದಿಗಳ ಮಳೆ. ಎಸ್‌ಇಒ, ಅಂದರೆ ಹುಡುಕಾಟದಲ್ಲಿ ಪುಟ ಮೇಲೆ ಬರುವಂತೆ ಮಾಡುವ ಕೆಲಸ, ಸತ್ತುಹೋಯಿತು ಎಂದು ಒಬ್ಬರು ಹೇಳುತ್ತಾರೆ. ಹೊಸ ಎಐ ಎಸ್‌ಇಒ ಮಾಡಿಸಿಕೊಳ್ಳದಿದ್ದರೆ ಉಳಿಗಾಲವಿಲ್ಲ ಎಂದು ಇನ್ನೊಬ್ಬರು. ಏನೂ ಆಗಿಲ್ಲ, ಕ್ಲಿಕ್ ಸ್ಥಿರವಾಗಿದೆ ಎಂದು ಗೂಗಲ್. ಯಾರನ್ನು ನಂಬುವುದು? ಹಂತ ಹಂತವಾಗಿ ನೋಡೋಣ.

ಮೊದಲಿನ ಒಪ್ಪಂದ

ಸರ್ಚ್ ಮೂರು ಹಂತದಲ್ಲಿ ಕೆಲಸ ಮಾಡುತ್ತದೆ. ಗೂಗಲ್‌ಬಾಟ್ ಎನ್ನುವ ತಂತ್ರಾಂಶ ಲಿಂಕ್ ಹಿಡಿದು ಒಂದು ಪುಟದಿಂದ ಇನ್ನೊಂದಕ್ಕೆ ಹೋಗುತ್ತದೆ, ಓದುತ್ತದೆ. ಓದಿದ್ದನ್ನು ಒಂದು ದೊಡ್ಡ ಸೂಚಿಯಲ್ಲಿ ಸೇರಿಸುತ್ತದೆ. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಹಾಗೆ. ಯಾರಾದರೂ ಏನನ್ನಾದರೂ ಹುಡುಕಿದಾಗ ಆ ಸೂಚಿಯಿಂದ ಹೊಂದುವ ಪುಟಗಳನ್ನು ತೆಗೆದು, ಯಾವುದು ಮೇಲೆ, ಯಾವುದು ಕೆಳಗೆ ಎಂದು ಜೋಡಿಸುತ್ತದೆ.

ಇದರ ಹಿಂದೆ ಬರೆದಿಡದ ಒಂದು ಒಪ್ಪಂದವಿತ್ತು. ನೀವು ನಮಗೆ ಪುಟವನ್ನು ಸುಮ್ನೆ ಓದಲು ಬಿಡಿ, ನಾವು ನಿಮಗೆ ಓದುಗರನ್ನು ಕಳಿಸುತ್ತೇವೆ. ಇಪ್ಪತ್ತೈದು ವರ್ಷ ಈ ಕೊಡು-ಕೊಳ್ಳುವಿಕೆಯ ಮೇಲೆಯೇ ವೆಬ್ ಬೆಳೆಯಿತು. ಓದುಗರು ಬಂದರೆ ಜಾಹೀರಾತಿನ ದುಡ್ಡು ಬರುತ್ತದೆ, ಇಲ್ಲವೇ ಪುಸ್ತಕ ಮಾರಾಟವಾಗುತ್ತದೆ, ಇಲ್ಲವೇ ಬರೆದದ್ದನ್ನು ಯಾರೋ ಓದಿದರು ಎನ್ನುವ ಸಮಾಧಾನವಾದರೂ ಸಿಗುತ್ತದೆ. ಕನ್ನಡದ ಎಷ್ಟೋ ಚಿಕ್ಕ ತಾಣಗಳು ನಡೆದದ್ದು ಈ ಕೊನೆಯ ಸಮಾಧಾನದ ಮೇಲೆ.

ಏನು ಬದಲಾಯಿತು

2024ರ ಮೇ ತಿಂಗಳಲ್ಲಿ ಗೂಗಲ್ ಅಮೆರಿಕದಲ್ಲಿ ಎಐ ಓವರ್‌ವ್ಯೂ ಶುರು ಮಾಡಿತು. ಹುಡುಕಿದ ತಕ್ಷಣ ಪುಟದ ಮೇಲ್ಭಾಗದಲ್ಲಿ ಒಂದು ಸಾರಾಂಶ ಬರುತ್ತದೆ, ಲಿಂಕ್‌ಗಳು ಅದರ ಕೆಳಗೆ ಹೋಗುತ್ತವೆ. ಅದೇ ವರ್ಷದ ಆಗಸ್ಟ್‌ನಲ್ಲಿ ಭಾರತಕ್ಕೂ ಬಂತು, ಮೊದಲು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. 2025ರಲ್ಲಿ ಎಐ ಮೋಡ್ ಬಂತು. ಇದರಲ್ಲಿ ಹಳೆಯ ಹತ್ತು ಲಿಂಕ್‌ಗಳ ಪಟ್ಟಿ ಇಲ್ಲ. ಪೂರ್ತಿ ಒಂದು ಮಾತುಕತೆ. ಕೇಳುತ್ತಾ ಹೋಗಬಹುದು, ಅದು ಹೇಳುತ್ತಾ ಹೋಗುತ್ತದೆ. 2025ರ ನವೆಂಬರ್‌ನಲ್ಲಿ ಎಐ ಮೋಡ್ ಕನ್ನಡಕ್ಕೂ ಬಂತು. ತಮಿಳು, ತೆಲುಗು, ಮಲಯಾಳಂ, ಮರಾಠಿ, ಬಂಗಾಳಿ, ಉರ್ದುಗಳೂ ಅದೇ ಸಲ ಸೇರಿದವು.

ಅಂದರೆ ಇಂಗ್ಲಿಷ್ ತಾಣಗಳು ಎರಡು ವರ್ಷದಿಂದ ಕಂಡ ಬದಲಾವಣೆ ನಮ್ಮ ಬಾಗಿಲಿಗೆ ಈಗ ಬಂದಿದೆ. ಅವರಿಗೆ ಆದದ್ದನ್ನು ನೋಡಿ ಕಲಿಯುವ ಅವಕಾಶ ನಮಗಿದೆ.

ಅಂಕಿಗಳಲ್ಲೇ ಒಂದು ಗೋಜಲು

ಗೆರೆ ನೋಡಿ ಗಾಬರಿಯಾಗುವ ಮೊದಲು ಒಂದು ವಿಷಯ ತಿಳಿದಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಎಷ್ಟೋ ತಾಣಗಳ ಇಂಪ್ರೆಷನ್ ಇದ್ದಕ್ಕಿದ್ದಂತೆ ಕುಸಿಯಿತು. ಜೊತೆಗೇ ಸರಾಸರಿ ಸ್ಥಾನ ಮೇಲಕ್ಕೆ ಹೋಯಿತು. ಕಾಣಿಸುವುದು ಕಮ್ಮಿಯಾಗಿ ಸ್ಥಾನ ಮಾತ್ರ ಸುಧಾರಿಸುವುದು ಹೇಗೆ ಎಂದು ಹಲವರು ತಲೆ ಕೆಡಿಸಿಕೊಂಡರು.

ಕಾರಣ ಬೇರೆಯೇ ಇತ್ತು. ಗೂಗಲ್ ವಿಳಾಸದ ಕೊನೆಗೆ ಒಂದು ಚಿಕ್ಕ ಸೂಚನೆ ಸೇರಿಸಿದರೆ ಒಂದೇ ಪುಟದಲ್ಲಿ 100 ಫಲಿತಾಂಶ ಬರುವ ವ್ಯವಸ್ಥೆ ಮೊದಲು ಇತ್ತು. ಯಾವ ತಾಣ ಎಷ್ಟನೇ ಸ್ಥಾನದಲ್ಲಿದೆ ಎಂದು ಅಳೆಯುವ ಕಂಪನಿಗಳ ಯಂತ್ರಗಳು ಇದನ್ನೇ ಬಳಸುತ್ತಿದ್ದವು. ಆ ಯಂತ್ರ ಒಮ್ಮೆ ಹುಡುಕಿದರೆ 87ನೇ ಸ್ಥಾನದಲ್ಲಿದ್ದ ನಿಮ್ಮ ಪುಟಕ್ಕೂ ಒಂದು ಇಂಪ್ರೆಷನ್ ಬೀಳುತ್ತಿತ್ತು. ಮನುಷ್ಯರು ಯಾರೂ ಅದನ್ನು ನೋಡಿರುತ್ತಿರಲಿಲ್ಲ. ಗೂಗಲ್ ಆ ವ್ಯವಸ್ಥೆ ನಿಲ್ಲಿಸಿತು. ಯಂತ್ರದ ಇಂಪ್ರೆಷನ್ ಹೋಯಿತು, ಲೆಕ್ಕ ಇಳಿಯಿತು. ಕೆಳಗಿನ ಸ್ಥಾನಗಳು ಲೆಕ್ಕದಿಂದ ಬಿಟ್ಟುಹೋದದ್ದರಿಂದ ಸರಾಸರಿ ಸುಧಾರಿಸಿದಂತೆ ಕಂಡಿತು.

ಹಾಗಾಗಿ ಆ ತಿಂಗಳ ಆಚೆಗಿನ ಇಂಪ್ರೆಷನ್ನನ್ನು ಈಚೆಗಿನದರ ಜೊತೆ ಹೋಲಿಸಿದರೆ ಪ್ರಯೋಜನವಿಲ್ಲ. ಕ್ಲಿಕ್ ಲೆಕ್ಕ ಮಾತ್ರ ನಂಬಿ. ಅದರಲ್ಲಿ ಈ ಗೋಜಲು ಇಲ್ಲ. ಇನ್ನೊಂದು ತೊಡಕೂ ಇದೆ. ಎಐ ಸಾರಾಂಶದಿಂದ ಬಂದ ಕ್ಲಿಕ್ ಎಷ್ಟು, ಮಾಮೂಲಿ ಲಿಂಕ್‌ನಿಂದ ಬಂದದ್ದೆಷ್ಟು ಎಂದು ಸರ್ಚ್ ಕನ್ಸೋಲ್‌ನ ಈ ವರದಿ ಬಿಡಿಸಿ ಹೇಳುವುದಿಲ್ಲ. ಎರಡನ್ನೂ ಒಂದೇ ಮೊತ್ತದಲ್ಲಿ ಸೇರಿಸುತ್ತದೆ. ವೆಬ್‌ಸೈಟ್ ಮಾಲೀಕರು ತಮ್ಮ ನಷ್ಟವನ್ನು ತಾವೇ ಅಳೆಯಲಾರದ ಸ್ಥಿತಿ ಇದು, ಮತ್ತು ಇದು ನ್ಯಾಯವಲ್ಲ.

ಎರಡು ಕಡೆಯ ವಾದ

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2025ರ ಮಾರ್ಚ್‌ನಲ್ಲಿ ಸುಮಾರು 900 ಜನರ ಬ್ರೌಸಿಂಗ್ ಗಮನಿಸಿ, ಜುಲೈನಲ್ಲಿ ವರದಿ ಹೊರತಂದಿತು. ಎಐ ಸಾರಾಂಶ ಇಲ್ಲದಿದ್ದಾಗ ನೂರು ಹುಡುಕಾಟಗಳಲ್ಲಿ 15 ಸಲ ಜನ ಯಾವುದಾದರೂ ಲಿಂಕ್ ಒತ್ತಿದರು. ಸಾರಾಂಶ ಇದ್ದಾಗ ಅದು 8ಕ್ಕೆ ಇಳಿಯಿತು. ಸಾರಾಂಶದ ಒಳಗೇ ಮೂಲ ಎಂದು ಕೊಟ್ಟ ಲಿಂಕ್ ಇರುತ್ತದಲ್ಲ, ಅದನ್ನು ಒತ್ತಿದ್ದು ನೂರರಲ್ಲಿ ಒಂದು ಸಲ ಮಾತ್ರ.

ಈ ಕೊನೆಯ ಅಂಕಿಯನ್ನು ಎರಡು ಸಲ ಓದಬೇಕು. ನಿಮ್ಮ ಬರಹವನ್ನು ಎಐ ಉಲ್ಲೇಖಿಸಿತು ಎಂದು ಖುಷಿಪಟ್ಟರೂ, ಅದರಿಂದ ಓದುಗರು ಬರುತ್ತಾರೆ ಎಂದು ಲೆಕ್ಕ ಹಾಕುವ ಹಾಗಿಲ್ಲ.

ಗೂಗಲ್ ಈ ಅಧ್ಯಯನವನ್ನು ಒಪ್ಪಲಿಲ್ಲ, ವಿಧಾನವೇ ಸರಿಯಿಲ್ಲ ಎಂದಿತು. 2025ರ ಆಗಸ್ಟ್‌ನಲ್ಲಿ ಅದರ ಸರ್ಚ್ ವಿಭಾಗದ ಮುಖ್ಯಸ್ಥೆ ಲಿಜ್ ರೀಡ್ ಒಂದು ಲೇಖನ ಬರೆದರು. ಒಟ್ಟು ಕ್ಲಿಕ್ ಹಿಂದಿನ ವರ್ಷದಷ್ಟೇ ಇದೆ, ಬರುವ ಕ್ಲಿಕ್‌ಗಳ ಗುಣಮಟ್ಟ ಹೆಚ್ಚಿದೆ, ಅಂದರೆ ಬಂದವರು ತಕ್ಷಣ ವಾಪಸ್ ಹೋಗುತ್ತಿಲ್ಲ ಎಂಬುದು ಅವರ ವಾದ. ಅದನ್ನು ಪರೀಕ್ಷಿಸಿ ನೋಡಲು ಬೇಕಾದ ಅಂಕಿಗಳನ್ನು ಲೇಖನದಲ್ಲಿ ಕೊಡಲಿಲ್ಲ.

ಎರಡೂ ಮಾತು ಒಟ್ಟಿಗೆ ನಿಜ ಆಗಿರಲು ಸಾಧ್ಯ ಅಲ್ವಾ? ಒಟ್ಟು ಕ್ಲಿಕ್ ಅಷ್ಟೇ ಇರಬಹುದು, ಆದರೆ ಅದು ಹಂಚಿಹೋಗುವ ರೀತಿ ಬದಲಾಗಿರಬಹುದು. ಕೆಲವು ತಾಣಗಳಿಗೆ ಜಾಸ್ತಿ, ಕೆಲವಕ್ಕೆ ಕಮ್ಮಿ. ರೀಡ್ ಅವರೂ ಇದನ್ನು ಒಪ್ಪಿದ್ದಾರೆ. ಚಿಕ್ಕ ತಾಣ ನಡೆಸುವವರಿಗೆ ಒಟ್ಟು ಮೊತ್ತ ಎಷ್ಟೇ ಇದ್ದರೂ ಏನು ಬಂತು? ತಮ್ಮ ಪಾಲು ಏನಾಯಿತು ಎನ್ನುವುದೇ ಮುಖ್ಯ.

ಬೇಡ ಅನ್ನಲು ಬರುವುದಿಲ್ಲವೇ?

ಬರುತ್ತದೆ. ಆದರೆ ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು.

ಯಾವ ಯಂತ್ರ ಏನನ್ನು ಓದಬಹುದು ಎಂದು ತಾಣದಲ್ಲಿ ಬರೆದಿಡುವ ರೋಬಾಟ್ಸ್ ಕಡತದಲ್ಲಿ ಗೂಗಲ್-ಎಕ್ಸ್‌ಟೆಂಡೆಡ್ ಎನ್ನುವ ಹೆಸರು ಹಾಕಿ ತಡೆಯಬಹುದು ಎಂದು ಹಲವರು ನಂಬಿದ್ದಾರೆ. 2023ರಲ್ಲಿ ಬಂದ ಆ ಸೂಚನೆ ತಡೆಯುವುದು ಗೂಗಲ್‌ನ ಜೆಮಿನಿ ಎಂಬ ಎಐ ಮಾದರಿಗಳಿಗೆ ತರಬೇತಿ ಕೊಡುವಂತಹ ಬಳಕೆಯನ್ನು. ಸರ್ಚ್‌ನ ಎಐ ಸಾರಾಂಶಕ್ಕೂ ಅದಕ್ಕೂ ಸಂಬಂಧವಿಲ್ಲ. ಸಾರಾಂಶಕ್ಕೆ ಬೇಕಾದ್ದನ್ನು ಓದುವುದು ಮಾಮೂಲಿ ಗೂಗಲ್‌ಬಾಟ್. ಅದನ್ನು ತಡೆದರೆ ಸರ್ಚ್‌ನಿಂದಲೇ ಹೊರಗೆ.

ನಡುವಿನ ದಾರಿ ಒಂದಿದೆ. ನೋಸ್ನಿಪೆಟ್ ಎನ್ನುವ ಸೂಚನೆ ಹಾಕಿದರೆ ಎಐ ಸಾರಾಂಶಕ್ಕೆ ನಿಮ್ಮ ಪಠ್ಯ ಹೋಗುವುದಿಲ್ಲ. ಆದರೆ ಮಾಮೂಲಿ ಲಿಂಕ್‌ನ ಕೆಳಗೆ ಬರುವ ಎರಡು ಸಾಲಿನ ವಿವರಣೆಯೂ ಹೋಗುತ್ತದೆ. ವಿವರಣೆ ಇಲ್ಲದ ಬರೀ ಶೀರ್ಷಿಕೆಯನ್ನು ಯಾರು ಒತ್ತುತ್ತಾರೆ? ಪುಟದ ಒಂದು ಭಾಗವನ್ನು ಮಾತ್ರ ಮರೆಮಾಡುವ ಸೂಚನೆಯೂ ಇದೆ. ಅಪರೂಪದ ಮಾಹಿತಿ ಇರುವ ಭಾಗಕ್ಕೆ ಅದನ್ನು ಹಾಕಿ ನೋಡಬಹುದು.

ಪ್ರಕಾಶಕರ ಸಿಟ್ಟಿಗೆ ಮೂಲ ಇಲ್ಲಿದೆ. ಸರ್ಚ್‌ನಲ್ಲಿ ಇರಬೇಕೆಂದರೆ ಎಐಗೂ ಒಪ್ಪಬೇಕು ಎಂದು ಎರಡನ್ನೂ ಒಂದೇ ಗಂಟು ಹಾಕಿದ್ದಾರೆ ಎಂಬುದು ಅವರ ದೂರು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪತ್ರಿಕಾ ಸಂಸ್ಥೆ ಪೆನ್ಸ್‌ಕೆ ಮೀಡಿಯಾ ಇದೇ ವಿಷಯಕ್ಕೆ ಗೂಗಲ್ ಮೇಲೆ ಮೊಕದ್ದಮೆ ಹೂಡಿತು. ಡಿಸೆಂಬರ್‌ನಲ್ಲಿ ಯುರೋಪಿಯನ್ ಕಮಿಷನ್ ಔಪಚಾರಿಕ ತನಿಖೆ ಶುರು ಮಾಡಿತು. ಓದುಗರಿಗೆ ಬೇಗ ಉತ್ತರ ಸಿಗುತ್ತಿದೆ, ಹೆಚ್ಚು ಪ್ರಶ್ನೆ ಕೇಳುತ್ತಿದ್ದಾರೆ, ಹೊಸ ತಾಣಗಳೂ ಕಣ್ಣಿಗೆ ಬೀಳುತ್ತಿವೆ ಎನ್ನುವುದು ಗೂಗಲ್‌ನ ಸಮರ್ಥನೆ. ಅದರಲ್ಲಿ ಓದುಗರ ಅನುಕೂಲದ ಮಾತು ಸುಳ್ಳಲ್ಲ. ಆದರೂ ಸರ್ಚ್‌ಗೆ ಹೂಂ, ಸಾರಾಂಶಕ್ಕೆ ಊಹೂಂ ಎನ್ನುವ ಪ್ರತ್ಯೇಕ ಆಯ್ಕೆ ಬರೆದವರ ಕೈಯಲ್ಲಿ ಇರಲೇಬೇಕು.

ಭಾರತದಲ್ಲಿ ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘದ ದೂರಿನ ಮೇಲೆ ಸ್ಪರ್ಧಾ ಆಯೋಗ 2022ರ ಜನವರಿಯಲ್ಲೇ ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿತ್ತು. ಅದು ಎಐಗಿಂತ ಮುಂಚಿನ ಜಗಳ, ಸುದ್ದಿ ತುಣುಕು ಮತ್ತು ಜಾಹೀರಾತು ಆದಾಯದ ಹಂಚಿಕೆ ಕುರಿತದ್ದು. 2025ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಸಮಿತಿಯೊಂದು ಎಐ ತರಬೇತಿಗೆ ಬರಹ ಬಳಸಿದರೆ ಕಂಪನಿಗಳು ರಾಯಲ್ಟಿ ಕೊಡಬೇಕು ಎಂಬ ಪ್ರಸ್ತಾವ ಮುಂದಿಟ್ಟಿತು. ಅದು ಕಾನೂನಾಗಲು ದಾರಿ ದೂರವಿದೆ.

ಯಾವ ಪುಟ ಸೋಲುತ್ತದೆ, ಯಾವುದು ಉಳಿಯುತ್ತದೆ

ಅಡಿಕೆ ಬೆಳೆಗಾರರಿಗಾಗಿ ಬರೆಯುವ ಒಂದು ತಾಣ ಎಂದುಕೊಳ್ಳಿ. ಮಳೆಗಾಲ ಹತ್ತಿರ ಬಂದಾಗ ಕೊಳೆರೋಗದ ಹುಡುಕಾಟ ಜಾಸ್ತಿ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ಏನೇನು ಎಷ್ಟೆಷ್ಟು ಎಂದು ಕೇಳಿದರೆ ಉತ್ತರ ಒಂದೇ ಸಾಲು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎಐ ಇದನ್ನು ಹೇಳಿ ಮುಗಿಸುತ್ತದೆ. ಆ ಒಂದು ಸಾಲಿಗಾಗಿ ಕಟ್ಟಿದ ಪುಟಕ್ಕೆ ಇನ್ನು ಯಾರೂ ಬರುವುದಿಲ್ಲ. ಆ ಕ್ಲಿಕ್ ಹೋಯಿತು ಎಂದು ಒಪ್ಪಿಕೊಳ್ಳುವುದೇ ಸರಿ.

ಆದರೆ ಬೆಳೆಗಾರರ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ದ್ರಾವಣ ಸರಿಯಾಗಿದೆಯಾ ಎಂದು ತಿಳಿಯಲು ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು. ಆ ಕೆಂಪು ಎಷ್ಟು ಕೆಂಪು? ಅದನ್ನು ಫೋಟೋದಲ್ಲೇ ನೋಡಬೇಕು. ಕಾಯಿಯ ಮೇಲೆ ಮೊದಲ ದಿನ ಕಾಣುವ ನೀರು ಹಿಡಿದಂತಹ ಕಲೆ ಹೇಗಿರುತ್ತದೆ, ಒಂದು ವಾರದ ನಂತರ ಹೇಗಾಗುತ್ತದೆ? ಒಂದೇ ತೋಟದಲ್ಲಿ ಹೋದ ವರ್ಷ ಯಾವ ತಾರೀಕು ಮೊದಲ ಔಷಧಿ ಹೊಡೆದರು, ಮಳೆ ಎಡೆ ಕೊಟ್ಟದ್ದು ಯಾವಾಗ, ಎರಡನೇ ಸಲ ಹೊಡೆಯುವುದು ತಡವಾದದ್ದಕ್ಕೆ ಎಷ್ಟು ಕಾಯಿ ಉದುರಿತು? ಇಂತಹ ದಾಖಲೆ ಇರುವ ಪುಟಕ್ಕೆ ಜನ ಬರುತ್ತಾರೆ, ಮುಂದಿನ ವರ್ಷ ಮತ್ತೆ ಬರುತ್ತಾರೆ. ಏಕೆಂದರೆ ಅದು ಒಂದು ತೋಟದಲ್ಲಿ ನಿಂತು ನೋಡಿದವರಿಗೆ ಮಾತ್ರ ಗೊತ್ತಿರುವ ಸಂಗತಿ, ಸಾರಾಂಶ ಮಾಡಿದರೆ ಅದರ ಉಪಯೋಗವೇ ಹೋಗುತ್ತದೆ.

ಇದನ್ನು ನಿಮ್ಮ ತಾಣಕ್ಕೆ ಹಚ್ಚಿ ನೋಡಿ. ಸರ್ಚ್ ಕನ್ಸೋಲ್ 16 ತಿಂಗಳ ದಾಖಲೆ ಇಟ್ಟುಕೊಂಡಿರುತ್ತದೆ. ಈ ಮೂರು ತಿಂಗಳನ್ನು ಹೋದ ವರ್ಷದ ಅದೇ ಮೂರು ತಿಂಗಳ ಜೊತೆ ಇಟ್ಟು, ಕ್ಲಿಕ್ ಕಳೆದುಕೊಂಡ ಪುಟಗಳನ್ನು ಸಾಲಾಗಿ ಬರೆದುಕೊಳ್ಳಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಈ ಪುಟದ ತಿರುಳನ್ನು ಎರಡು ಸಾಲಿನಲ್ಲಿ ಹೇಳಬಹುದಾ? ಹೇಳಬಹುದು ಎಂದಾದರೆ ಅದನ್ನು ಮೇಲೆ ತರಲು ಇನ್ನಷ್ಟು ಹೊತ್ತು ಕಳೆಯಬೇಡಿ. ಹೇಳಲಾಗದ ಪುಟ ಕೆಳಗೆ ಹೋಗಿದ್ದರೆ ಕಾರಣ ಬೇರೆ ಇರುತ್ತದೆ, ಅದನ್ನು ಹುಡುಕಿ ಸರಿಪಡಿಸಬಹುದು. ಕನ್ನಡದಲ್ಲಿ ಆ ಕಾರಣ ಹೆಚ್ಚಾಗಿ ತೀರಾ ಸರಳವಾದದ್ದು.

ನಮ್ಮ ಬರಹ ಯಂತ್ರಕ್ಕೆ ಕಾಣುತ್ತಿದೆಯೇ?

ಕನ್ನಡ ಕಂಪ್ಯೂಟರ್‌ಗೆ ಬಂದ ಕಾಲದಲ್ಲಿ ಯುನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ವ್ಯವಸ್ಥೆ, ಬಳಕೆಯಲ್ಲಿ ಇರಲಿಲ್ಲ. ನುಡಿ, ಬರಹ, ಶ್ರೀಲಿಪಿಯಂತಹ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿ ಕೆಲಸ ನಡೆಸಿದವು. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಆದರೆ ಯಂತ್ರದ ಒಳಗೆ ಆ ಬರಹ ಕನ್ನಡವೇ ಅಲ್ಲ. ಹಳೆಯ ನುಡಿ ಫಾಂಟ್‌ನಲ್ಲಿ "ಕನ್ನಡ" ಎಂದು ಟೈಪ್ ಮಾಡಿದ್ದನ್ನು ಯಂತ್ರ ಓದಿದರೆ ಅದಕ್ಕೆ ಕಾಣುವುದು ಒಂದು ಪಿ, ತಲೆಯ ಮೇಲೆ ಗೀಟು ಇರುವ ಎ, ಬ್ರಿಟಿಷ್ ಪೌಂಡ್‌ನ ಚಿಹ್ನೆ, ಒಂದು ಕ್ಯೂ, ಇಂತಹವು. ಯಾರು ತಾನೇ ಪೌಂಡ್ ಚಿಹ್ನೆ ಟೈಪ್ ಮಾಡಿ ಕನ್ನಡ ಹುಡುಕುತ್ತಾರೆ?

ಇಂದಿಗೂ ಎಷ್ಟೋ ಸ್ಮರಣ ಸಂಚಿಕೆ, ಇಲಾಖೆಯ ಸುತ್ತೋಲೆ, ಸಂಘದ ವರದಿ, ಹಳೆಯ ಪತ್ರಿಕೆಗಳ ಪಿಡಿಎಫ್ ಇದೇ ಸ್ಥಿತಿಯಲ್ಲಿವೆ. ಕಣ್ಣಿಗೆ ಚಂದದ ಕನ್ನಡ, ಸರ್ಚ್‌ಗೆ ಅರ್ಥವಿಲ್ಲದ ಗೀಚು. ಪರೀಕ್ಷೆ ಸುಲಭ. ನಿಮ್ಮ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ಫೋನಿನ ನೋಟ್ಸ್‌ನಲ್ಲಿ ಅಂಟಿಸಿ. ಕನ್ನಡವೇ ಬಂದರೆ ಸರಿ. ಗೀಚು ಬಂದರೆ ಆ ಬರಹ ಸರ್ಚ್‌ನಲ್ಲಿ ಇಲ್ಲವೆಂದೇ ತಿಳಿಯಿರಿ. ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಬೇಕು. ತಪ್ಪು ನುಸುಳುವುದು ಅಲ್ಲೇ.

ಚಿತ್ರದೊಳಗಿನ ಬರಹದ್ದೂ ಹೆಚ್ಚುಕಮ್ಮಿ ಇದೇ ಕತೆ. ಕಾರ್ಯಕ್ರಮದ ಆಹ್ವಾನ, ಬೆಲೆಪಟ್ಟಿ, ಕವಿತೆ ಎಲ್ಲವನ್ನೂ ಪೋಸ್ಟರ್ ಮಾಡಿ ಹಾಕುವ ರೂಢಿ ನಮ್ಮಲ್ಲಿ ಜಾಸ್ತಿ. ಪೋಸ್ಟರ್ ಇರಲಿ, ಅದರ ಕೆಳಗೆ ಅದೇ ಮಾತನ್ನು ಅಕ್ಷರದಲ್ಲೂ ಬರೆಯಿರಿ.

ಹೆಸರಿನ ಕಾಗುಣಿತ ಇನ್ನೊಂದು ತೊಡಕು. ರಾಜಕುಮಾರ್, ರಾಜ್‌ಕುಮಾರ್, ರಾಜ್ಕುಮಾರ್. ಓದುವವರಿಗೆ ಒಬ್ಬರೇ, ಕಂಪ್ಯೂಟರ್‌ಗೆ ಮೂರು ಬೇರೆ ಅಕ್ಷರಸಾಲು. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರವೂ ಕೂತಿದೆ, ಅರ್ಧಾಕ್ಷರವನ್ನು ಮುಂದಿನದಕ್ಕೆ ಒತ್ತಾಗದಂತೆ ತಡೆಯುವುದು ಅದೇ. ತಾಣದ ಉದ್ದಕ್ಕೂ ಒಂದೇ ರೂಪ ಇಟ್ಟುಕೊಳ್ಳಿ. ಜನ ಬಳಸುವ ಇನ್ನೊಂದು ರೂಪವಿದ್ದರೆ ಬರಹದಲ್ಲಿ ಸಹಜವಾಗಿ ಒಂದು ಸಲ ಬರಲಿ, ಸಾಕು.

ಪುಟದ ವಿಳಾಸವನ್ನು ಕನ್ನಡದಲ್ಲಿ ಇಡಬೇಕೋ ಇಂಗ್ಲಿಷ್ ಅಕ್ಷರದಲ್ಲೋ ಎನ್ನುವ ಚರ್ಚೆ ಹಳೆಯದು. ಗೂಗಲ್ ಎರಡನ್ನೂ ಓದುತ್ತದೆ. ತೊಂದರೆ ಹಂಚಿಕೊಳ್ಳುವಾಗ. ಕನ್ನಡದ ಒಂದೊಂದು ಅಕ್ಷರ ಚಿಹ್ನೆಯೂ ವಿಳಾಸದಲ್ಲಿ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. "ಕನ್ನಡ" ಎಂಬ ಒಂದು ಪದಕ್ಕೇ 45 ಚಿಹ್ನೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ಶೇಕಡಾ ಗುರುತುಗಳ ಉದ್ದನೆಯ ಸಾಲು ಕಂಡು ಏನೋ ಮೋಸದ ಲಿಂಕ್ ಎಂದು ಜನ ಹೆದರುತ್ತಾರೆ. ಹೊಸ ಪುಟಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕ ವಿಳಾಸ ಇಡುವುದು ಒಳ್ಳೆಯದು. ಹಳೆಯ ಪುಟಗಳ ವಿಳಾಸ ಮುಟ್ಟಬೇಡಿ. ಬದಲಾಯಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ ಶಾಶ್ವತ ರೀಡೈರೆಕ್ಟ್ ಹಾಕಿ. ಇಲ್ಲದಿದ್ದರೆ ಬೇರೆಯವರು ಇಷ್ಟು ವರ್ಷ ಕೊಟ್ಟ ಲಿಂಕ್‌ಗಳೆಲ್ಲ ಒಂದೇ ದಿನದಲ್ಲಿ ಮುರಿದುಬೀಳುತ್ತವೆ.

ಹೊಸ ಹೆಸರಿನ ಪ್ಯಾಕೇಜ್‌ಗಳು

ಜಿಇಒ, ಎಇಒ ಎಂಬ ಹೆಸರಿನಲ್ಲಿ ಈಗ ಸೇವೆ ಮಾರುವವರು ಬಹಳ. ಎಐ ಉತ್ತರದಲ್ಲಿ ನಿಮ್ಮ ಹೆಸರು ಬರಿಸುತ್ತೇವೆ, ಅದಕ್ಕೆ ವಿಶೇಷ ಕಡತ ಬೇಕು, ವಿಶೇಷ ಮಾರ್ಕಪ್ (ಪುಟದ ಕೋಡ್‌ನಲ್ಲಿ ಹಾಕುವ ಗುರುತು) ಬೇಕು ಎನ್ನುತ್ತಾರೆ. ಗೂಗಲ್‌ನ ಸ್ವಂತ ಕೈಪಿಡಿ ಹೇಳುವುದೇ ಬೇರೆ. ಎಐ ಸಾರಾಂಶಕ್ಕೆ ಪ್ರತ್ಯೇಕ ಕಡತವಾಗಲಿ, ಪ್ರತ್ಯೇಕ ಮಾರ್ಕಪ್ ಆಗಲಿ ಬೇಕಿಲ್ಲ. ಪುಟ ಸೂಚಿಯಲ್ಲಿ ಇರಬೇಕು, ತುಣುಕು ತೋರಿಸಲು ಅನುಮತಿ ಇರಬೇಕು, ಅಷ್ಟೇ.

ಇಂತಹ ಭರವಸೆಗಳಿಗೆ ಚರಿತ್ರೆಯಿದೆ. ಪುಟದ ಕೋಡ್‌ನಲ್ಲಿ ಅಡಗಿರುವ ಕೀವರ್ಡ್ ಟ್ಯಾಗ್‌ನಲ್ಲಿ ಪದ ತುಂಬುವುದು ಒಂದು ಕಾಲದಲ್ಲಿ ದುಡ್ಡು ಮಾಡುವ ಕೆಲಸವಾಗಿತ್ತು. ಆ ಟ್ಯಾಗನ್ನು ನಾವು ನೋಡುವುದೇ ಇಲ್ಲ ಎಂದು ಗೂಗಲ್ 2009ರಲ್ಲೇ ಹೇಳಿತು. ಲಿಂಕ್ ಖರೀದಿ ಜೋರಾಗಿದ್ದಾಗ 2012ರ ಪೆಂಗ್ವಿನ್ ಅಪ್‌ಡೇಟ್ ಬಂದು, ದುಡ್ಡು ಕೊಟ್ಟು ಲಿಂಕ್ ಹಾಕಿಸಿಕೊಂಡವರನ್ನೇ ಕೆಳಗೆ ತಳ್ಳಿತು.

ಈಗಿನ ಅಪಾಯ ಕನ್ನಡಕ್ಕೆ ಹತ್ತಿರದ್ದು. ಇಂಗ್ಲಿಷ್ ಲೇಖನಗಳನ್ನು ಯಂತ್ರದಿಂದ ಕನ್ನಡ ಮಾಡಿಸಿ ದಿನಕ್ಕೆ ನೂರಾರು ಪುಟ ಹಾಕುವುದು. ಕನ್ನಡದಲ್ಲಿ ಪೈಪೋಟಿ ಕಮ್ಮಿ, ಬೇಗ ಮೇಲೆ ಬರಬಹುದು ಎಂಬ ಲೆಕ್ಕಾಚಾರ. 2024ರ ಮಾರ್ಚ್‌ನಲ್ಲಿ ಗೂಗಲ್ ತಂದ ಸ್ಪ್ಯಾಮ್ ನಿಯಮದಲ್ಲಿ ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ರಾಶಿ ರಾಶಿಯಾಗಿ ತಯಾರಿಸುವುದೇ ತಪ್ಪು. ಬೇರೆಯವರ ಬರಹ ತೆಗೆದು ಯಂತ್ರದಿಂದ ಅನುವಾದಿಸಿ ಹಾಕುವುದೂ ಅದರಲ್ಲಿ ಬರುತ್ತದೆ. ಸಿಕ್ಕಿಬಿದ್ದರೆ ಆ ಪುಟಗಳ ಜೊತೆ ಇಡೀ ತಾಣವೇ ಸರ್ಚ್‌ನಿಂದ ಹೊರಬೀಳಬಹುದು. ಹತ್ತು ವರ್ಷ ಕೂತು ಬರೆದ ಒಳ್ಳೆಯ ಪುಟಗಳೂ ಅದರ ಜೊತೆಗೇ ಹೋಗುತ್ತವೆ.

ಮುಂದೆ ಏನಾಗಬಹುದು

ಇಂಗ್ಲಿಷ್‌ನಲ್ಲಿ ಒಂದು ತಾಣ ಮುಚ್ಚಿದರೆ ಅದೇ ವಿಷಯಕ್ಕೆ ಇನ್ನೂ ಸಾವಿರ ಇರುತ್ತವೆ. ಕನ್ನಡದಲ್ಲಿ ಹಾಗಿಲ್ಲ. ಒಂದು ಊರಿನ ಕೆರೆಗಳ ಬಗ್ಗೆ, ಒಂದು ಮೇಳದ ಹಳೆಯ ಕಲಾವಿದರ ಬಗ್ಗೆ, ಒಂದು ಸೀಮೆಯ ಭತ್ತದ ತಳಿಗಳ ಬಗ್ಗೆ ಬರೆದವರು ಒಬ್ಬರೋ ಇಬ್ಬರೋ. ಓದುಗರು ಬರುವುದು ನಿಂತರೆ ಅವರು ವರ್ಷಕ್ಕೊಮ್ಮೆ ಡೊಮೈನ್‌ಗೆ ದುಡ್ಡು ಕಟ್ಟುವುದನ್ನು ನಿಲ್ಲಿಸುತ್ತಾರೆ. ಪುಟ ಮಾಯವಾಗುತ್ತದೆ. ಆಮೇಲೆ ಅದೇ ಪ್ರಶ್ನೆಗೆ ಎಐ ಇಂಗ್ಲಿಷ್ ಮೂಲಗಳನ್ನು ತಡಕಿ ಕನ್ನಡದಲ್ಲಿ ಏನೋ ಒಂದು ಹೇಳುತ್ತದೆ. ತಪ್ಪಿದ್ದರೆ ಹೋಲಿಸಿ ನೋಡಲು ಕನ್ನಡದ ಪುಟ ಉಳಿದಿರುವುದಿಲ್ಲ.

ಇದು ತಪ್ಪಬೇಕಾದರೆ ಗೂಗಲ್‌ನ ದಾರಿಯೊಂದನ್ನೇ ನೆಚ್ಚಿಕೊಳ್ಳಬಾರದು. ಒಮ್ಮೆ ಬಂದವರು ನೇರವಾಗಿ ಮತ್ತೆ ಬರುವ ದಾರಿ ಬೇಕು. ಇಮೇಲ್ ಪಟ್ಟಿ ಆಗಬಹುದು, ವಾಟ್ಸಾಪ್ ಚಾನೆಲ್ ಆಗಬಹುದು. ಕನ್ನಡದ ತಾಣಗಳು ಒಂದಕ್ಕೊಂದು ಲಿಂಕ್ ಕೊಡುವ ಹಳೆಯ ಬ್ಲಾಗ್ ಕಾಲದ ರೂಢಿಯೂ ಮತ್ತೆ ಬರಬೇಕು. ಓದುಗರು ಅದನ್ನು ಹಿಡಿದು ಬರುತ್ತಾರೆ, ಗೂಗಲ್‌ಬಾಟ್ ಕೂಡ ಅದೇ ದಾರಿಯಲ್ಲಿ ಬರುತ್ತದೆ.

ಎಲ್ಲಿಂದ ಶುರು ಮಾಡುವುದು ಎಂದು ಕೇಳಿದರೆ, ನಿಮ್ಮ ಬಳಿ ಇರುವ ಹಳೆಯ ನುಡಿ, ಬರಹ ಕಡತಗಳಿಂದ. ಬೇರೆಲ್ಲೂ ಸಿಗದ ಒಂದನ್ನು ಆರಿಸಿ. ಯುನಿಕೋಡ್‌ಗೆ ತಂದು, ಜನ ಹುಡುಕುವ ಮಾತಿನಲ್ಲೇ ಶೀರ್ಷಿಕೆ ಕೊಟ್ಟು, ಯಾರು ಬರೆದರು, ಯಾವ ವರ್ಷ ಎಂದು ಕೆಳಗೆ ನಮೂದಿಸಿ ಪ್ರಕಟಿಸಿ. ನಿಮ್ಮ ಇನ್ನೆರಡು ಪುಟಗಳಿಂದ ಅದಕ್ಕೆ ಲಿಂಕ್ ಹಾಕಿ. ಎರಡು ಮೂರು ವಾರ ಬಿಟ್ಟು ಅದರ ಒಂದು ಸಾಲನ್ನು ಉದ್ಧರಣ ಚಿಹ್ನೆಯ ಒಳಗಿಟ್ಟು ಗೂಗಲ್‌ನಲ್ಲಿ ಹುಡುಕಿ. ಪುಟ ಸಿಕ್ಕಿದರೆ ಎರಡನೇ ಕಡತ ತೆಗೆಯಿರಿ.